ಸೈಕಲ್ಲಿನ ಹಿಂದಿನ ಲೈಟು: ಚಿಕ್ಕಮಗಳೂರಿನಲ್ಲಿ ದಿನಾ ಸೈಕಲ್ ತುಳಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸಕ್ಕೆ, ಕಾಲೇಜಿಗೆ, ಟ್ಯೂಷನ್ನಿಗೆ ಸೈಕಲ್ಲಿನಲ್ಲೇ ಹೋಗಿ ಬರುವವರು ಚಾರ್ಜ್ ಮಾಡುವಂಥ ಹಿಂದಿನ ಲೈಟು ಕೊಳ್ಳುವ ಮುಂಚೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಬೆಂಗಳೂರಿನವರಿಗೆ ಹೇಳುವ ಉತ್ತರ ನಮ್ಮೂರಿಗೆ ಪೂರ್ತಿ ಹೊಂದುವುದಿಲ್ಲ. ಇಲ್ಲಿ ಲೈಟಿನ ಯೋಗ್ಯತೆ ಗೊತ್ತಾಗುವುದು ಜುಲೈ ತಿಂಗಳ ಸಂಜೆ ಏಳು ಗಂಟೆಗೆ: ಬಿಡದ ಮಳೆ, ಮೈಮೇಲೆ ರೇನ್‌ಕೋಟು, ಬೆಳಗ್ಗೆಯಿಂದ ಕರೆಂಟಿಲ್ಲ. ಕೆಳಗಿನ ಉತ್ತರಗಳೆಲ್ಲ ಆ ಸಂಜೆಗೆ ತಕ್ಕ ಲೈಟು ಯಾವುದು ಎನ್ನುವ ಲೆಕ್ಕದಲ್ಲೇ ಇವೆ.

ನಾನು ಓಡಾಡೋದು ಊರೊಳಗೆ. ಬೀದಿದೀಪ ಇರುತ್ತೆ. ಆದರೂ ಹಿಂದೆ ಲೈಟು ಬೇಕಾ?

ಬೇಕು. ಐ.ಜಿ. ರಸ್ತೆ, ಎಂ.ಜಿ. ರಸ್ತೆಯಲ್ಲಿ ಅಂಗಡಿಗಳು ತೆರೆದಿರುವಷ್ಟು ಹೊತ್ತು ನೀವು ಹೇಗೋ ಕಾಣುತ್ತೀರಿ. ತೊಂದರೆ ಊರು ಮುಗಿಯುವ ಕಡೆ. ಕಡೂರು ರಸ್ತೆ, ಬೇಲೂರು ರಸ್ತೆ, ಮೂಡಿಗೆರೆ ರಸ್ತೆ, ಯಾವುದನ್ನು ಹಿಡಿದರೂ ಬೀದಿದೀಪ ನಿಂತ ಜಾಗದಿಂದಲೇ ಗಾಡಿಗಳ ವೇಗ ಏರುತ್ತದೆ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಕಾರು ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್ ಮುಂದೆ ಬರುತ್ತದೆ. ಡ್ರೈವರ್ ನಿಮ್ಮನ್ನು ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿದರೆ ಅಲ್ಲಿಗೇ 25 ಮೀಟರ್ ಹೋಯಿತು. ಒದ್ದೆ ರಸ್ತೆಯಲ್ಲಿ ಗಾಡಿ ನಿಲ್ಲಲು ಇನ್ನೂ 30-35 ಮೀಟರ್ ಬೇಕು. ಅಂದರೆ ಒಟ್ಟು 60 ಮೀಟರ್. ಡಿಮ್ ಬೆಳಕಿನಲ್ಲಿ, ಅದೂ ಮಳೆ ನೀರು ಇಳಿಯುತ್ತಿರುವ ಗಾಜಿನ ಹಿಂದಿನಿಂದ, ಕಪ್ಪು ಜಾಕೆಟ್ಟಿನ ಮನುಷ್ಯ ಅಷ್ಟು ದೂರದಿಂದ ಕಾಣುತ್ತಾನೆ ಎಂದು ನಂಬಿಕೊಂಡು ರಸ್ತೆಗೆ ಇಳಿಯಬಾರದು. ಸಾಧಾರಣವಾದ ಒಂದು ಕೆಂಪು ಲೈಟು ನೇರ ರಸ್ತೆಯಲ್ಲಿ ಇನ್ನೂರು ಮುನ್ನೂರು ಮೀಟರಿನಿಂದಲೇ ಕಾಣುತ್ತದೆ. ನೀವು ಮುಂದಕ್ಕೆ ತುಳಿಯುತ್ತಲೇ ಇರುವುದರಿಂದ ಡ್ರೈವರಿಗೆ ಇನ್ನೂ ಸ್ವಲ್ಪ ಹೊತ್ತು ಸಿಗುತ್ತದೆ.

ಇನ್ನೊಂದು, ನವೆಂಬರ್ ಕೊನೆಯ ಹೊತ್ತಿಗೆ ಇಲ್ಲಿ ಸೂರ್ಯ ಮುಳುಗುವುದು ಆರು ಗಂಟೆಯ ಆಸುಪಾಸು. ಕಾಫಿ ಕೊಯ್ಲೂ ಅದೇ ಹೊತ್ತಿಗೆ ಶುರು. ಕ್ಯೂರಿಂಗ್ ವರ್ಕ್ಸ್ ಕೆಲಸ ಬಿಟ್ಟು ಮನೆಗೆ ಹೊರಡುವವರು, ಹಣ್ಣು ತುಂಬಿದ ಪಿಕಪ್ ಗಾಡಿಗಳು, ಶನಿವಾರ ಭಾನುವಾರ ಮುಳ್ಳಯ್ಯನಗಿರಿಯಿಂದ ಇಳಿದು ಬರುವ ಟೂರಿಸ್ಟ್ ಗಾಡಿಗಳು, ಎಲ್ಲ ಒಂದೇ ರಸ್ತೆಯಲ್ಲಿ.

ಸೈಕಲ್ ಜೊತೆಗೇ ಕೆಂಪು ರಿಫ್ಲೆಕ್ಟರ್ ಬಂದಿದೆಯಲ್ಲ. ಅದು ಸಾಲದಾ?

ರಿಫ್ಲೆಕ್ಟರ್ ಇರಲಿ, ಕಿತ್ತು ಹಾಕಬೇಡಿ. ಸೈಕಲ್ಲುಗಳ ರಿಫ್ಲೆಕ್ಟರಿಗೆ ಗುಣಮಟ್ಟದ ಗುರುತು ಇರಬೇಕೆಂದು ಕೇಂದ್ರ ಸರಕಾರ 2020ರಲ್ಲಿ ಆದೇಶವನ್ನೇ ಹೊರಡಿಸಿದೆ. ಚಾರ್ಜ್ ಬೇಡ, ಸ್ವಿಚ್ ಬೇಡ, ಕೆಡುವುದಿಲ್ಲ. ಆದರೆ ಬೇರೆಯವರ ಹೆಡ್‌ಲೈಟು ನೇರವಾಗಿ ಅದರ ಮೇಲೆ ಬಿದ್ದರೆ ಮಾತ್ರ ಅದು ಕಾಣುತ್ತದೆ. ತಿರುವಿನಲ್ಲಿ ಹೆಡ್‌ಲೈಟು ನಿಮ್ಮ ಕಡೆ ತಿರುಗುವುದು ತಡವಾಗಿ. ಒಂದೇ ಹೆಡ್‌ಲೈಟು ಉರಿಯುವ ಗಾಡಿಗಳೂ ನಮ್ಮಲ್ಲಿ ಕಮ್ಮಿ ಇಲ್ಲ. ಮೇಲೆ ಕೆಸರು ಕೂತರಂತೂ ರಿಫ್ಲೆಕ್ಟರ್ ಇದ್ದೂ ಇಲ್ಲದ ಹಾಗೆ.

ಪೆಡಲ್ಲಿನ ರಿಫ್ಲೆಕ್ಟರ್ ಮಾತ್ರ ಜನ ಅಂದುಕೊಂಡದ್ದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಮೇಲೆ ಕೆಳಗೆ ಹೋಗುವ ಆ ಎರಡು ಚುಕ್ಕಿ ಕಂಡರೆ ಮುಂದೆ ಹೋಗುತ್ತಿರುವುದು ಸೈಕಲ್ಲೇ ಎಂದು ಡ್ರೈವರಿಗೆ ಥಟ್ಟನೆ ಹೊಳೆಯುತ್ತದೆ. ಪೆಡಲ್ ಬದಲಾಯಿಸುವಾಗ ರಿಫ್ಲೆಕ್ಟರ್ ಇರುವುದನ್ನೇ ಕೇಳಿ ಹಾಕಿಸಿ.

ಎಷ್ಟು ಲ್ಯೂಮೆನ್ ಇರಬೇಕು? ಕೆಲವು ಪೆಟ್ಟಿಗೆ ಮೇಲೆ 1000 ಅಂತ ಬರೆದಿರ್ತಾರೆ.

ಊರೊಳಗೆ ರಾತ್ರಿ ಓಡಾಡಲು 20ರಿಂದ 50 ಲ್ಯೂಮೆನ್ (ಬೆಳಕಿನ ಅಳತೆ) ಧಾರಾಳ. ಬೀದಿದೀಪ ಇಲ್ಲದ ಹೆದ್ದಾರಿಗೆ, ಜೋರು ಮಳೆಗೆ 50ರಿಂದ 100. ಹಗಲಲ್ಲೂ ಕಾಣಬೇಕು ಅಂದರೆ 100ರ ಮೇಲೆ.

ಇನ್ನು ಆ ಸಾವಿರದ ವಿಷಯ. ಒಳ್ಳೆಯ ಕೆಂಪು ಎಲ್‌ಇಡಿ ಒಂದು ವಾಟ್ ತಿಂದು ಕೊಡುವ ಬೆಳಕು ಅಂದಾಜು 50ರಿಂದ 100 ಲ್ಯೂಮೆನ್. ಸಾವಿರ ಲ್ಯೂಮೆನ್ನಿಗೆ ಹತ್ತು ವಾಟಿಗಿಂತ ಹೆಚ್ಚು ಬೇಕು. ಬೆಂಕಿಪೊಟ್ಟಣದಷ್ಟು ದೊಡ್ಡ ಲೈಟಿನೊಳಗೆ ಹಿಡಿಸುವ 500 ಮಿಲಿಆಂಪ್-ಅವರ್ ಬ್ಯಾಟರಿಯಲ್ಲಿ ಇರುವ ಶಕ್ತಿ ಎರಡು ವಾಟ್-ಅವರ್ ಕೂಡ ಆಗುವುದಿಲ್ಲ. ಲೆಕ್ಕದ ಪ್ರಕಾರ ಹತ್ತು ನಿಮಿಷಕ್ಕೆ ಖಾಲಿಯಾಗಬೇಕು, ಅಷ್ಟರೊಳಗೆ ಕೈ ಸುಡಬೇಕು. ಪೆಟ್ಟಿಗೆ ಮೇಲೆ "1000 ಲ್ಯೂಮೆನ್, 10 ಗಂಟೆ" ಎಂದು ಒಟ್ಟಿಗೆ ಬರೆದಿದ್ದರೆ ಎರಡರಲ್ಲಿ ಒಂದಾದರೂ ಸುಳ್ಳು. ನನ್ನನ್ನು ಕೇಳಿದರೆ ಎರಡೂ.

ಲ್ಯೂಮೆನ್ ಅನ್ನುವುದು ಲೈಟು ಸುತ್ತಲೂ ಚೆಲ್ಲುವ ಒಟ್ಟು ಬೆಳಕಿನ ಲೆಕ್ಕ. ಹಿಂದಿನ ಡ್ರೈವರಿನ ಕಣ್ಣಿಗೆ ಎಷ್ಟು ತಲುಪುತ್ತದೆ ಎನ್ನುವುದು ಲೆನ್ಸಿನ ಮೇಲೆ ಹೋಗುತ್ತದೆ. 30 ಲ್ಯೂಮೆನ್ನಿನ ಲೈಟಿಗೆ ಒಳ್ಳೆಯ ಲೆನ್ಸ್ ಇದ್ದರೆ, ಲೆನ್ಸೇ ಇಲ್ಲದ 80ರದ್ದಕ್ಕಿಂತ ದೂರದಿಂದ ಕಾಣಬಹುದು. ಈಗ ಮಾರುಕಟ್ಟೆಯಲ್ಲಿ ತುಂಬಿರುವ, ಉದ್ದ ಪಟ್ಟಿಯಂತೆ ಉರಿಯುವ ಸಿಒಬಿ (ಒಂದೇ ಹಲಗೆಯ ಮೇಲೆ ಒತ್ತೊತ್ತಾಗಿ ಕೂರಿಸಿದ ಸಣ್ಣ ಎಲ್‌ಇಡಿಗಳ) ಲೈಟುಗಳು ಹತ್ತಿರದಿಂದ ಭರ್ಜರಿಯಾಗಿ ಕಾಣುತ್ತವೆ, ಪಕ್ಕಕ್ಕೂ ಬೆಳಕು ಕೊಡುತ್ತವೆ, ದೂರ ಹೋದಂತೆ ಸಪ್ಪೆಯಾಗುತ್ತವೆ. ಊರೊಳಗೆ, ಹನುಮಂತಪ್ಪ ಸರ್ಕಲ್ಲಿನಂಥ ಕಡೆ ಪಕ್ಕದಿಂದ ಬರುವವರಿಗೂ ಕಾಣಬೇಕಾದ್ದರಿಂದ ಪಟ್ಟಿ ಲೈಟು ಒಳ್ಳೆಯದೇ. ದಿನಾ ಹೆದ್ದಾರಿಯಲ್ಲಿ ನಾಲ್ಕು ಕಿಲೋಮೀಟರ್ ಹೋಗುವವರು ಲೆನ್ಸ್ ಇರುವುದನ್ನೇ ಆರಿಸಿ.

ಹಗಲಲ್ಲೂ ಹಚ್ಚಿಕೊಂಡು ಹೋಗಬೇಕಾ? ಜನ ನಗಲ್ವಾ?

ನಗಲಿ. ಮಲೆನಾಡಿನಲ್ಲಿ ಹಗಲು ಅನ್ನುವುದು ಗಡಿಯಾರದ ಮಾತು. ಆಷಾಢದಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲು ಕವಿದಿರುತ್ತದೆ. ಮರಗಳ ನೆರಳಿರುವ ತೋಟದ ರಸ್ತೆಯಲ್ಲಿ ಒಳ್ಳೆ ಬಿಸಿಲಿನ ದಿನವೂ ತೊಂದರೆಯೇ: ಬಿಸಿಲಿನಿಂದ ನೆರಳಿಗೆ ನುಗ್ಗಿದ ಡ್ರೈವರಿಗೆ ಕ್ಷಣಕಾಲ ಏನೂ ಕಾಣುವುದಿಲ್ಲ. ಅಂಥ ಕಡೆ ಹಗಲಿನ ಬ್ಲಿಂಕ್ ಮೋಡ್ ಕೆಲಸಕ್ಕೆ ಬರುತ್ತದೆ. ಬಟ್ಟ ಬಯಲಿನಲ್ಲಿ, ಒಳ್ಳೆ ಬೆಳಕಿನಲ್ಲಿ ಹೋಗುವವರಿಗೆ ಕಡ್ಡಾಯ ಎಂದೇನೂ ಹೇಳಲಾರೆ.

ಬ್ಲಿಂಕ್ ಆಗೋದು ಒಳ್ಳೇದಾ, ಸುಮ್ಮನೆ ಉರಿಯೋದು ಒಳ್ಳೇದಾ?

ಇದಕ್ಕೆ ಜಗಳವೇ ನಡೆಯುತ್ತದೆ. ಮಿಣುಕುವ ಬೆಳಕು ಬೇಗ ಕಣ್ಣಿಗೆ ಬೀಳುತ್ತದೆ. ಆದರೆ ಅದು ಎಷ್ಟು ದೂರ ಇದೆ, ಎಷ್ಟು ವೇಗವಾಗಿ ಹತ್ತಿರ ಬರುತ್ತಿದೆ ಎಂದು ಅಂದಾಜು ಮಾಡುವುದು ಕಷ್ಟ, ಅದೂ ಸುತ್ತ ಬೇರೆ ಬೆಳಕಿಲ್ಲದ ಕಡೆ. ಆರಿದ ಕ್ಷಣದಲ್ಲಿ ನೀವು ಎಲ್ಲಿದ್ದೀರಿ ಎನ್ನುವುದು ಡ್ರೈವರಿಗೆ ತಪ್ಪಿಹೋಗುತ್ತದೆ. ಜರ್ಮನಿಯಲ್ಲಿ ಸೈಕಲ್ಲಿಗೆ ಮಿಣುಕುವ ಹಿಂದಿನ ಲೈಟು ಹಾಕುವಂತೆಯೇ ಇಲ್ಲ.

ನನ್ನ ಅಭಿಪ್ರಾಯ: ಹಗಲಿಗೆ ಬ್ಲಿಂಕ್, ಕತ್ತಲೆಗೆ ಮಿಣುಕದೆ ನಿಂತು ಉರಿಯುವುದು. ಕೆಲವು ಲೈಟುಗಳಲ್ಲಿ ಪೂರ್ತಿ ಆರದೆ ಮಂದವಾಗಿ ಉರಿಯುತ್ತಲೇ ನಡುನಡುವೆ ಜೋರಾಗುವ ಮೋಡ್ ಇರುತ್ತದೆ. ಒಂದೇ ಲೈಟು ಕೊಳ್ಳುವವರು ಅದಿರುವುದನ್ನು ಹುಡುಕಿ. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಎರಡು ಸಣ್ಣ ಲೈಟು ಇನ್ನೂ ವಾಸಿ. ಒಂದು ನಿಂತು ಉರಿಯಲಿ, ಇನ್ನೊಂದು ಮಿಣುಕಲಿ. ಒಂದರ ಚಾರ್ಜು ಮುಗಿದರೆ ಇನ್ನೊಂದಾದರೂ ಮನೆ ಮುಟ್ಟಿಸುತ್ತದೆ.

ಡಿಸ್ಕೋ ದೀಪದಂತೆ ಪಟಪಟ ಹೊಡೆದುಕೊಳ್ಳುವ ಮೋಡನ್ನು ಬಳಸಬೇಡಿ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಜೋರಾಗಿ ಮಿಣುಕುವ ಬೆಳಕು ಕೆಲವರಲ್ಲಿ ಮೂರ್ಛೆ ತರಿಸಬಲ್ಲದು, ಉಳಿದವರಿಗೆ ಕಣ್ಣಿಗೆ ಹಿಂಸೆ. ಕೆಂಪು-ನೀಲಿ ಬಣ್ಣ ಬದಲಾಯಿಸುವ ಅಗ್ಗದ ಲೈಟುಗಳೂ ಬೇಡ. ಹಿಂದಿನವರು ಪೊಲೀಸ್ ಜೀಪೋ ಆಂಬುಲೆನ್ಸೋ ಎಂದು ಗೊಂದಲ ಬೀಳುತ್ತಾರೆ. ಹಿಂದಕ್ಕೆ ಕೆಂಪು, ಮುಂದಕ್ಕೆ ಬಿಳಿ, ಅಷ್ಟೇ.

ಮಂಜು ಕವಿದಾಗ ಕೆಂಪು ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತೆ ಅಂತಾರೆ. ಹೌದಾ?

ಹಾಗೇನಿಲ್ಲ. ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡವು, ಹಾಗಾಗಿ ಅವು ಕೆಂಪು, ಹಳದಿ, ಬಿಳಿ ಎಲ್ಲವನ್ನೂ ಹೆಚ್ಚುಕಮ್ಮಿ ಒಂದೇ ಸಮ ಚದುರಿಸುತ್ತವೆ. ಕೆಂಪು ಹಾಕುವುದು ಅದು "ಹಿಂಭಾಗ" ಎಂದು ಎಲ್ಲರಿಗೂ ಗೊತ್ತಿರುವುದರಿಂದ.

ಮಂಜಿನಲ್ಲಿ ಬೇಕಾದ್ದು ಜೋರು ಬೆಳಕು, ಅದೂ ನಿಂತು ಉರಿಯುವುದು. ಕಾರುಗಳ ಹಿಂದಿನ ಫಾಗ್ ಲೈಟು ಕೂಡ ಹಾಗೆಯೇ, ಜೋರಾಗಿ ಉರಿಯುತ್ತದೆ, ಮಿಣುಕುವುದಿಲ್ಲ. ಮುಳ್ಳಯ್ಯನಗಿರಿ ದಾರಿಯ ಕೈಮರದಿಂದ ಮೇಲೆ ಹೋಗುವವರು, ಚಳಿಗಾಲದ ಬೆಳಗ್ಗೆ ಕೆರೆ ಏರಿಯ ಮೇಲೆ ಹಾದು ಬರುವವರು ಲೈಟಿನ ಅತಿ ಜೋರಿನ ಮೋಡ್ ಎಷ್ಟು ಹೊತ್ತು ಬಾಳುತ್ತದೆ ಎನ್ನುವುದನ್ನೇ ನೋಡಿ ಕೊಳ್ಳಿ.

ಮಳೆಗೆ ಯಾವ ಐಪಿ ನಂಬರ್ ಬೇಕು?

ಐಪಿ ನಂಬರ್ ಅಂದರೆ ಧೂಳು, ನೀರನ್ನು ಎಷ್ಟು ತಡೆಯುತ್ತದೆ ಎನ್ನುವ ಗುರುತು. ಐಪಿಎಕ್ಸ್4 ಅಂದರೆ ಯಾವ ಕಡೆಯಿಂದ ನೀರು ಎರಚಿದರೂ ತಡೆಯುತ್ತದೆ. 5 ಅಂದರೆ ಪೈಪಿನ ನೀರು, 6 ಅಂದರೆ ಇನ್ನೂ ಜೋರು ಪೈಪಿನ ನೀರು. 7 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ ನೋಡಿದ್ದಾರೆ ಎಂದು. 'ಎಕ್ಸ್' ಇರುವ ಜಾಗ ಧೂಳಿನದು, ಅದಕ್ಕೆ ನಂಬರ್ ಕೊಟ್ಟಿಲ್ಲ ಎಂದರ್ಥ. ಐಪಿ67 ಎಂದಿದ್ದರೆ ಧೂಳಿಗೂ ಪರೀಕ್ಷೆ ಆಗಿದೆ.

ಬಯಲುಸೀಮೆಯವರಿಗೆ 4 ಸಾಕು. ನಮಗೆ ಕನಿಷ್ಠ 5 ಅಥವಾ 6, ಯಾಕೆಂದರೆ ಇಲ್ಲಿ ಲೈಟಿಗೆ ಬೀಳುವ ನೀರು ಆಕಾಶದ್ದು ಮಾತ್ರ ಅಲ್ಲ. ಹಿಂದಿನ ಚಕ್ರ ಎರಚುವ ನೀರು ಕೆಳಗಿನಿಂದ ಮೇಲಕ್ಕೆ, ಮರಳು ಕೆಮ್ಮಣ್ಣು ಸಮೇತ, ಲೈಟಿನ ತಳಕ್ಕೇ ಹೊಡೆಯುತ್ತದೆ. ಚಾರ್ಜಿಂಗ್ ಬಾಯಿ ಸಾಮಾನ್ಯವಾಗಿ ಇರುವುದೂ ಅಲ್ಲೇ! ಮಡ್‌ಗಾರ್ಡ್ ಇಲ್ಲದ ಗೇರ್ ಸೈಕಲ್ಲಿನವರು ಲೈಟಿಗೆ ದುಡ್ಡು ಹಾಕುವ ಮುಂಚೆ ಮಡ್‌ಗಾರ್ಡಿಗೆ ಹಾಕಿದರೆ ಲೈಟೂ ಬಾಳುತ್ತದೆ, ಬೆನ್ನಿನ ಮೇಲಿನ ಕೆಸರಿನ ಗೆರೆಯೂ ತಪ್ಪುತ್ತದೆ.

ಇಷ್ಟೆಲ್ಲ ನಂಬರ್ ನಿಂತಿರುವುದು ಬಾಯಿಗೆ ಮುಚ್ಚಿರುವ ಒಂದು ರಬ್ಬರ್ ಚೂರಿನ ಮೇಲೆ. ಅಂಗಡಿಯಲ್ಲಿ ಅದನ್ನು ಉಗುರಿನಿಂದ ಎಬ್ಬಿಸಿ, ಮತ್ತೆ ಒತ್ತಿ ನೋಡಿ. ಸುತ್ತಲೂ ತೆಳುವಾದ ಅಂಚು ಇದ್ದು, ಒಳಗೆ ಬಿಗಿಯಾಗಿ ಕೂತರೆ ಸರಿ. ಮುಚ್ಚಿದ ಮೇಲೂ ಒಂದು ಮೂಲೆ ಎದ್ದೇ ಇದ್ದರೆ ಪೆಟ್ಟಿಗೆ ಮೇಲೆ 7 ಎಂದಿದ್ದರೂ ಬಿಡಿ. ರಬ್ಬರು ಲೈಟಿಗೆ ಒಂದು ಸಣ್ಣ ಬಾಲದಿಂದ ಅಂಟಿಕೊಂಡಿರುತ್ತದೆ. ಒಂದೆರಡು ವರ್ಷದಲ್ಲಿ ಮೊದಲು ಹರಿಯುವುದು ಅದೇ ಬಾಲ.

ಮಳೆಯಲ್ಲಿ ನೆನೆದು ಬಂದ ಲೈಟನ್ನು ತಕ್ಷಣ ಚಾರ್ಜಿಗೆ ಹಾಕಬೇಡಿ. ಒರೆಸಿ, ಬಾಯಿ ಕೆಳಗೆ ಮಾಡಿ ಕೊಡವಿ, ಒಣಗಲು ಬಿಟ್ಟು, ಮಲಗುವ ಮುಂಚೆ ಹಾಕಿ. ತೇವ ಇದ್ದ ಬಾಯಿಗೆ ಕರೆಂಟ್ ಹರಿದರೆ ಪಿನ್ನುಗಳು ಹಸಿರುಗಟ್ಟುತ್ತವೆ. ಅಕ್ಕಿ ಡಬ್ಬಿಯಲ್ಲಿ ಹೂತಿಡುವ ಉಪಾಯದಿಂದ ಅಕ್ಕಿ ಹಾಳು, ಅಷ್ಟೇ. ಫ್ರಿಜ್ಜಿನ ಹಿಂದೆ ಬೆಚ್ಚಗಿರುವ ಜಾಗ ಅದಕ್ಕಿಂತ ವಾಸಿ.

ಲೈಟು ಎಲ್ಲಿ ಕಟ್ಟಬೇಕು?

ಯಾವ ಲೈಟು ಎನ್ನುವುದಕ್ಕಿಂತ ಈ ಪ್ರಶ್ನೆಯೇ ದೊಡ್ಡದು. ಬಹುಪಾಲು ಲೈಟುಗಳು ಸೀಟಿನ ಕೆಳಗಿನ ರಾಡಿಗೆ ಕಟ್ಟಲೆಂದೇ ಬರುತ್ತವೆ. ಬೇಸಿಗೆಯಲ್ಲಿ ಅದು ಸರಿ. ಜೂನ್ ಬಂತು ಅನ್ನಿ. ರೇನ್‌ಕೋಟ್ ಹಾಕಿ ಸೀಟಿನ ಮೇಲೆ ಕೂತಾಗ ಅದರ ಹಿಂದಿನ ಅಂಚು ಸೀಟಿನಿಂದ ಕೆಳಗೆ ಜೋತುಬಿದ್ದು ಲೈಟಿನ ಮೇಲೆ ಪರದೆ ಎಳೆದುಬಿಡುತ್ತದೆ. ತೋಟದ ಕಡೆಯವರು ಪ್ಲಾಸ್ಟಿಕ್ ಕೊಪ್ಪೆ ಹೊದ್ದು ತುಳಿಯುವಾಗಲಂತೂ ಹಿಂದಿನಿಂದ ಕಾಣುವುದು ಕೊಪ್ಪೆ ಮಾತ್ರ. ಒಳಗೆ ನೂರು ಲ್ಯೂಮೆನ್ ಉರಿಯುತ್ತಿರುತ್ತದೆ, ನೋಡುವವರಿಲ್ಲ. ಜೋತುಬಿಟ್ಟ ಬ್ಯಾಗು, ಉದ್ದ ಜರ್ಕಿನ್, ಚೂಡಿದಾರದ ವೇಲ್ ಕೂಡ ಇದೇ ಕೆಲಸ ಮಾಡುತ್ತವೆ.

ಹಾಗಾಗಿ ಕ್ಯಾರಿಯರ್ ಇದ್ದವರು ಅದರ ಹಿಂದಿನ ತುದಿಗೆ ಕಟ್ಟಿ. ಕ್ಯಾರಿಯರಿಗೆಂದೇ ಬರುವ ಲೈಟುಗಳಿಗೆ 50 ಅಥವಾ 80 ಮಿಲಿಮೀಟರ್ ಅಂತರದ ಎರಡು ಬೋಲ್ಟ್ ಇರುತ್ತವೆ. ನಿಮ್ಮ ಕ್ಯಾರಿಯರಿನ ತೂತಿನ ಅಂತರ ಅಳೆದುಕೊಂಡು ಹೋಗಿ. ತೂತು ಇಲ್ಲದಿದ್ದರೆ ಅಂಗೈ ಅಗಲದ ತಗಡಿನ ತುಂಡಿಗೆ ತೂತು ಹಾಕಿ ಕ್ಯಾರಿಯರಿಗೆ ಬೋಲ್ಟ್ ಮಾಡಿಕೊಡಿ ಎಂದರೆ ಯಾವ ಸೈಕಲ್ ಶಾಪಿನವರೂ ಮಾಡಿಕೊಡುತ್ತಾರೆ. ಕ್ಯಾರಿಯರ್ ಇಲ್ಲದವರು ರೇನ್‌ಕೋಟಿನ ಅಂಚನ್ನು ಮೇಲಕ್ಕೆ ಮಡಚಿ ಕಟ್ಟಿಕೊಳ್ಳಬೇಕು, ಇಲ್ಲವೇ ಕ್ಲಿಪ್ ಇರುವ ಸಣ್ಣ ಲೈಟೊಂದನ್ನು ಹೆಲ್ಮೆಟ್ಟಿನ ಹಿಂದೆ ಸಿಕ್ಕಿಸಬೇಕು. ಹೆಲ್ಮೆಟ್ಟಿನದು ಎರಡನೆಯ ಲೈಟಾಗಿರಲಿ. ತಲೆ ತಿರುಗಿಸಿದಾಗಲೆಲ್ಲ ಅದರ ದಿಕ್ಕೂ ತಿರುಗುತ್ತದೆ.

ಕೋನವನ್ನು ಯಾರೂ ನೋಡುವುದಿಲ್ಲ. ಸೀಟಿನ ರಾಡು ನೆಟ್ಟಗಿರುವುದಿಲ್ಲ, ಮೇಲೆ ಹೋದಂತೆ ಹಿಂದಕ್ಕೆ ವಾಲಿರುತ್ತದೆ, ಸುಮಾರು 17 ಡಿಗ್ರಿ. ಅದಕ್ಕೆ ಚಪ್ಪಟೆಯಾಗಿ ಲೈಟು ಕಟ್ಟಿದರೆ ಅದರ ಮುಖ ನೆಲಕ್ಕೆ ತಿರುಗಿ ಡಾಂಬರಿಗೆ ಆರತಿ ಬೆಳಗುತ್ತಿರುತ್ತದೆ. ಒಳ್ಳೆಯ ಲೈಟುಗಳ ಜೊತೆ ಇಳಿಜಾರಿನ ರಬ್ಬರ್ ತುಂಡು ಬರುತ್ತದೆ, ಅಥವಾ ಲೈಟನ್ನು ರಾಡಿಗೆ ಕಟ್ಟುವ ಹಿಡಿಕೆಯೇ ತಿರುಗುತ್ತದೆ. ಎರಡೂ ಇಲ್ಲದಿದ್ದರೆ ಹಳೆ ಟ್ಯೂಬಿನ ಚೂರನ್ನು ಮಡಚಿ ಹಿಡಿಕೆಯ ಕೆಳತುದಿಗೆ ಕೊಟ್ಟು ಮುಖ ನೆಟ್ಟಗೆ ಮಾಡಿಕೊಳ್ಳಿ.

ಎಲ್ಲ ಕಟ್ಟಿದ ಮೇಲೆ ಒಂದು ಪರೀಕ್ಷೆ. ಮಳೆಗಾಲದ ಪೂರ್ತಿ ವೇಷ ಹಾಕಿ, ಬ್ಯಾಗು ಏರಿಸಿ, ಸೈಕಲ್ ಮೇಲೆ ಕೂತುಕೊಳ್ಳಿ. ಮನೆಯವರೊಬ್ಬರು ಮೂವತ್ತು ಹೆಜ್ಜೆ ಹಿಂದೆ ಹೋಗಿ, ಕಾರಿನ ಸೀಟಿನ ಎತ್ತರಕ್ಕೆ ಬಗ್ಗಿ ಮೊಬೈಲಿನಲ್ಲಿ ಫೋಟೋ ತೆಗೆಯಲಿ. ಆ ಫೋಟೋ ನೋಡಿದ ಮೇಲೆ ಬಹಳ ಜನ ಲೈಟಿನ ಜಾಗ ಬದಲಾಯಿಸುತ್ತಾರೆ.

ನಮ್ಮದು ಹಳೇ ದೊಡ್ಡ ಸೈಕಲ್. ಸೀಟ್ ಪೂರ್ತಿ ಇಳಿಸಿದೆ, ರಾಡಿನಲ್ಲಿ ಜಾಗವೇ ಇಲ್ಲ.

ನಿಮಗೆ ಯೋಚನೆ ಕಮ್ಮಿ, ಭದ್ರವಾದ ಕ್ಯಾರಿಯರೂ ಪೂರ್ತಿ ಮಡ್‌ಗಾರ್ಡೂ ನಿಮ್ಮಲ್ಲಿ ಇದ್ದೇ ಇರುತ್ತವೆ. ಕ್ಯಾರಿಯರಿನ ತುದಿಗೇ ಕಟ್ಟಿ. ಮೂಟೆ, ಸೊಪ್ಪಿನ ಹೊರೆ ಹೇರುವವರು ಮಾತ್ರ ಹೊರೆ ಹಿಂದಕ್ಕೆ ಚಾಚಿ ಲೈಟು ಮುಚ್ಚದಂತೆ ನೋಡಿಕೊಳ್ಳಿ. ಅಂಥ ದಿನ ಲೈಟನ್ನು ಬಿಚ್ಚಿ ಹೊರೆಯ ಹಗ್ಗಕ್ಕೇ ಸಿಕ್ಕಿಸುವುದು ಸುಲಭ.

ಬ್ಯಾಟರಿ ಎಷ್ಟು ಹೊತ್ತು ಬರಬೇಕು? "40 ಗಂಟೆ" ಅಂತ ಬರೆದದ್ದನ್ನು ನಂಬಬಹುದಾ?

ದೊಡ್ಡ ಅಕ್ಷರದ ಗಂಟೆ ಯಾವಾಗಲೂ ಅತಿ ಮಂದದ ಬ್ಲಿಂಕ್ ಮೋಡಿನದು. ನೀವು ಬಳಸುವ ಮೋಡಿನ ಗಂಟೆ ಎಷ್ಟು ಎಂದು ಒಳಗಿನ ಚೀಟಿಯಲ್ಲಿ ಹುಡುಕಿ. ನಿಂತು ಉರಿಯುವ ಮೋಡಿನಲ್ಲಿ ಆರು ಗಂಟೆ ಬಂದರೆ, ದಿನಕ್ಕೆ ಮುಕ್ಕಾಲು ಗಂಟೆ ತುಳಿಯುವವರಿಗೆ ಒಂದು ವಾರ ಆರಾಮ. ಮೂರು ಗಂಟೆಯದಾದರೆ ವಾರದ ಮಧ್ಯೆ ಕೈ ಕೊಡುತ್ತದೆ.

ಮಿಲಿಆಂಪ್-ಅವರ್ ಲೆಕ್ಕವನ್ನೂ ಕುರುಡಾಗಿ ನಂಬಬೇಡಿ. ಬೆರಳಿಗಿಂತ ದಪ್ಪನೆಯ 18650 ಸೆಲ್ಲಿನಲ್ಲಿ ಒಳ್ಳೊಳ್ಳೆ ಕಂಪನಿಗಳೇ ತುಂಬುವುದು 3500ರ ಆಸುಪಾಸು. ಅದೇ ಗಾತ್ರದ ಸೆಲ್ಲಿನ ಮೇಲೆ 9900 ಎಂದಿದ್ದರೆ ಒಳಗೆ ಸಾವಿರ ಇದ್ದರೂ ಪುಣ್ಯ.

ಚಾರ್ಜ್ ಎಷ್ಟು ಉಳಿದಿದೆ ಎಂದು ತೋರಿಸುವ ಸಣ್ಣ ದೀಪ ಇರಲೇಬೇಕು. ಹಿಂದಿನ ಲೈಟಿನ ದೊಡ್ಡ ಕಷ್ಟ ಏನೆಂದರೆ ಅದು ಆರಿದ್ದು ತುಳಿಯುವವರಿಗೆ ಗೊತ್ತಾಗುವುದಿಲ್ಲ. ಮುಂದಿನದಾದರೆ ಕತ್ತಲಾಗುತ್ತದೆ, ಹಿಂದಿನದು ಸದ್ದಿಲ್ಲದೆ ಹೋಗುತ್ತದೆ. ಚಾರ್ಜ್ ಮುಗಿಯುತ್ತ ಬಂದಾಗ ಒಮ್ಮೆಲೇ ಆರದೆ, ತಾನಾಗಿ ಮಂದದ ಮೋಡಿಗೆ ಇಳಿದು ಇನ್ನೊಂದು ಗಂಟೆ ಎಳೆಯುವ ಲೈಟುಗಳಿವೆ. ಅದಕ್ಕೆ ಇನ್ನೂರು ಮುನ್ನೂರು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಟೈಪ್-ಸಿ ಲೈಟು ತಂದೆ. ಮೊಬೈಲ್ ಚಾರ್ಜರ್ ಹಾಕಿದರೆ ಚಾರ್ಜೇ ಆಗ್ತಿಲ್ಲ. ಲೈಟು ಕೆಟ್ಟಿದೆಯಾ?

ಬಹುಶಃ ಕೆಟ್ಟಿಲ್ಲ. ನಿಮ್ಮ ಚಾರ್ಜರಿನ ಕೇಬಲ್ ಎರಡೂ ತುದಿಯಲ್ಲಿ ಟೈಪ್-ಸಿ ಇದೆಯಾ ನೋಡಿ. ಅಂಥ ಚಾರ್ಜರ್, ಕೇಬಲ್ಲಿನ ಇನ್ನೊಂದು ತುದಿಯಲ್ಲಿ ಯಾವುದೋ ಸಾಧನ ಇದೆ ಎಂದು ಗೊತ್ತಾದ ಮೇಲೆಯೇ ಕರೆಂಟ್ ಬಿಡುತ್ತದೆ. ಆ ಗುರುತು ಕೊಡಲು ಲೈಟಿನೊಳಗೆ ಎರಡು ಸಣ್ಣ ರೆಸಿಸ್ಟರ್ ಇರಬೇಕು. ಅಗ್ಗದ ಲೈಟು ಮಾಡುವವರು ಆ ಕೆಲವು ಪೈಸೆಯನ್ನೂ ಉಳಿಸುತ್ತಾರೆ. ಒಂದು ತುದಿ ಹಳೆಯ ಅಗಲ ಯುಎಸ್‌ಬಿ, ಇನ್ನೊಂದು ತುದಿ ಟೈಪ್-ಸಿ ಇರುವ ಕೇಬಲ್ ಹಾಕಿ, ಆಗುತ್ತದೆ. ಪೆಟ್ಟಿಗೆಯೊಳಗೆ ಬಂದ ಗೇಣುದ್ದದ ಕೇಬಲ್ಲನ್ನು ಅದಕ್ಕೇ ಬಿಸಾಡಬೇಡಿ.

67 ವಾಟಿನ ಫಾಸ್ಟ್ ಚಾರ್ಜರಿಗೆ ಹಾಕಿದರೆ ಲೈಟು ಸುಟ್ಟುಹೋಗುತ್ತಾ ಎಂದೂ ಕೇಳುತ್ತಾರೆ. ಇಲ್ಲ. ಲೈಟು ಕೇಳದಿದ್ದರೆ ಚಾರ್ಜರ್ 5 ವೋಲ್ಟಿಗಿಂತ ಹೆಚ್ಚು ಕೊಡುವುದಿಲ್ಲ.

ಹೊಸದಾಗಿ ಕೊಳ್ಳುವವರು ಮೈಕ್ರೋ ಯುಎಸ್‌ಬಿಯದನ್ನು ಬಿಡಿ. ಬೆಲೆ ಕಮ್ಮಿ ಇರುತ್ತದೆ, ಕೇಬಲ್ ಹುಡುಕುವುದೇ ಕೆಲಸವಾಗುತ್ತದೆ.

ಮಳೆಗಾಲದಲ್ಲಿ ಎರಡು ಮೂರು ದಿನ ಕರೆಂಟ್ ಇರಲ್ಲ. ಚಾರ್ಜ್ ಲೈಟು ತಗೊಂಡು ಏನು ಮಾಡ್ಲಿ?

ತೋಟದ ಕಡೆ ಮರ ಬಿದ್ದು ಲೈನು ಹೋಯಿತೆಂದರೆ ಮೂರು ದಿನ ಮಾಮೂಲು. ಆಫೀಸಿನಲ್ಲೋ ಕಾಲೇಜಿನಲ್ಲೋ ಯುಪಿಎಸ್ ಇದ್ದರೆ ಲೈಟನ್ನು ಬ್ಯಾಗಿನಲ್ಲಿ ಒಯ್ದು ಅಲ್ಲೇ ಹಾಕಿಕೊಳ್ಳಿ. ಲೈಟಿನ ಬ್ಯಾಟರಿ ಮೊಬೈಲಿನದರ ಎಂಟನೇ ಒಂದು ಭಾಗವೂ ಇರುವುದಿಲ್ಲ, ಹತ್ತು ಸಾವಿರ ಮಿಲಿಆಂಪ್-ಅವರಿನ ಪವರ್ ಬ್ಯಾಂಕ್ ಒಂದಿದ್ದರೆ ತಿಂಗಳುಗಟ್ಟಲೆ ಲೈಟು ಉರಿಸಬಹುದು. ಒಂದೇ ಕಿರಿಕಿರಿ: ಲೈಟು ಎಳೆಯುವ ಕರೆಂಟ್ ತೀರಾ ಕಮ್ಮಿ ಇದ್ದಾಗ ಕೆಲವು ಪವರ್ ಬ್ಯಾಂಕುಗಳು ಏನೂ ಸಿಕ್ಕಿಸಿಲ್ಲವೆಂದು ತಿಳಿದು ತಾವೇ ಆಫ್ ಆಗುತ್ತವೆ. ಜೊತೆಗೆ ಮೊಬೈಲನ್ನೂ ಸಿಕ್ಕಿಸಿದರೆ ನಡೆಯುತ್ತದೆ.

ಇದೆಲ್ಲ ರಗಳೆ ಅನ್ನಿಸಿದರೆ ಎರಡನೆಯ ಲೈಟಾಗಿ ಸಣ್ಣ ರಿಮೋಟ್ ಸೆಲ್ ಹಾಕುವಂಥದ್ದೊಂದು ಇಟ್ಟುಕೊಳ್ಳಿ. ಆ ಸೆಲ್ಲು ಆಲ್ದೂರಿನ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಬಳಸದಿರುವಾಗ ಸೆಲ್ ತೆಗೆದಿಡಿ, ಸೋರಿದರೆ ಲೈಟೇ ಹೋಗುತ್ತದೆ.

ಬ್ರೇಕ್ ಹಿಡಿದಾಗ ಜೋರಾಗುವುದು, ಲೇಸರ್ ಗೆರೆ, ಇಂಡಿಕೇಟರ್, ರೇಡಾರ್... ಇವೆಲ್ಲ ಬೇಕಾ?

ಬ್ರೇಕ್ ಸೆನ್ಸರ್ ಇದ್ದರೆ ಇರಲಿ. ನಮ್ಮ ರಸ್ತೆಯ ಗುಂಡಿಗಳಿಗೂ ಅದು ಬ್ರೇಕ್ ಎಂದೇ ತಿಳಿದು ಜೋರಾಗುತ್ತದೆ. ಲೇಸರ್ ಗೆರೆ ಒದ್ದೆ ರಸ್ತೆಯಲ್ಲಿ ಕಾಣುವುದೇ ಇಲ್ಲ. ಇಂಡಿಕೇಟರಿನ ಎರಡು ಬಾಣಗಳ ನಡುವೆ ಇರುವುದು ನಾಲ್ಕು ಬೆರಳಿನ ಅಂತರ, ದೂರದಿಂದ ಎಡವೋ ಬಲವೋ ತಿಳಿಯದು, ಕೈ ಚಾಚುವುದೇ ಮೇಲು. ಗಾರ್ಮಿನ್ ಕಂಪನಿಯ ವೇರಿಯಾದಂಥ ರೇಡಾರ್ ಲೈಟು 140 ಮೀಟರ್ ಹಿಂದಿನ ಗಾಡಿಯನ್ನೂ ಹಿಡಿದು ಹ್ಯಾಂಡಲ್ಲಿನಲ್ಲಿ ತೋರಿಸುತ್ತದೆ. ಒಳ್ಳೆಯ ವಸ್ತುವೇ. ಆದರೆ ಆ ಬೆಲೆಗೆ ಇನ್ನೊಂದು ಸೈಕಲ್ಲೇ ಬರುತ್ತದೆ. ಘಾಟಿಯಲ್ಲಿ ದೂರ ದೂರ ತುಳಿಯುವವರು ಯೋಚಿಸಲಿ, ಬಸ್ ಸ್ಟ್ಯಾಂಡಿಗೆ ಹೋಗಿ ಬರುವವರಿಗೆ ಬೇಡ.

ಡೈನಮೋನೇ ವಾಸಿ ಅಲ್ವಾ? ಚಾರ್ಜೂ ಬೇಡ, ಏನೂ ಬೇಡ.

ಹಳೆಯ ಬಾಟಲಿ ಡೈನಮೋ 6 ವೋಲ್ಟ್, 3 ವಾಟ್. ಅದರಲ್ಲಿ 2.4 ವಾಟ್ ಮುಂದಿನ ಬಲ್ಬಿಗೆ, 0.6 ಹಿಂದಿನದಕ್ಕೆ. ಸೈಕಲ್ ನಿಂತರೆ ಲೈಟೂ ಆರುತ್ತದೆ. ಬಲಕ್ಕೆ ತಿರುಗಲು ರಸ್ತೆ ಮಧ್ಯೆ ಕಾಲೂರಿ ನಿಂತಾಗ, ಅಂದರೆ ಬೆಳಕು ತೀರಾ ಬೇಕಾದಾಗಲೇ ಇರುವುದಿಲ್ಲ. ಮಳೆಯಲ್ಲಿ ಟೈರು ಒದ್ದೆಯಾದರೆ ಡೈನಮೋ ತಲೆ ಜಾರುತ್ತದೆ. ಚಕ್ರದ ಹಬ್ಬಿನೊಳಗೇ ಕೂರುವ ಹೊಸ ಡೈನಮೋ, ನಿಂತಾಗಲೂ ನಾಲ್ಕು ನಿಮಿಷ ಉರಿಯುವ ಲೈಟು, ಎರಡೂ ಇದ್ದರೆ ಅದರಷ್ಟು ನೆಮ್ಮದಿ ಬೇರೆ ಇಲ್ಲ. ಚಕ್ರವನ್ನೇ ಬಿಚ್ಚಿ ಕಟ್ಟಬೇಕಾದ್ದರಿಂದ ಖರ್ಚು ಜಾಸ್ತಿ.

ಮಗಳು ಟ್ಯೂಷನ್ ಮುಗಿಸಿ ಏಳೂವರೆಗೆ ಬರ್ತಾಳೆ. ಲೈಟು ಹಾಕ್ಕೊಳ್ಳೇ ಅಂದ್ರೆ ಮರೀತಾಳೆ. ಅವಳಿಗೆ ಯಾವುದು ಕೊಡಿಸ್ಲಿ?

ಕತ್ತಲಾದರೆ, ಸೈಕಲ್ ಅಲುಗಿದರೆ ತಾನೇ ಹತ್ತಿಕೊಳ್ಳುವ ಲೈಟು ಕೊಡಿಸಿ ಅಕ್ಕ. ಸ್ವಿಚ್ಚಿನ ಮಾತೇ ಬರುವುದಿಲ್ಲ. ಕೊಳ್ಳುವಾಗ ಎರಡು ನೋಡಿ: ಸೈಕಲ್ ಸಿಗ್ನಲ್ಲಿನಲ್ಲಿ ನಿಂತಾಗ ಕೂಡಲೇ ಆರಬಾರದು, ಒಂದು ನಿಮಿಷವಾದರೂ ಉರಿಯಬೇಕು, ಆ ಆಟೋ ಮೋಡಿನಲ್ಲಿ ಬಿಟ್ಟರೆ ಚಾರ್ಜ್ ಎಷ್ಟು ದಿನ ನಿಲ್ಲುತ್ತದೆ ಎಂದು ಕೇಳಬೇಕು. ಚಾರ್ಜಿನ ಜವಾಬ್ದಾರಿ ಮಾತ್ರ ನೀವೇ ಇಟ್ಟುಕೊಳ್ಳಿ. ಭಾನುವಾರ ರಾತ್ರಿ ಯೂನಿಫಾರ್ಮ್ ಇಸ್ತ್ರಿ ಮಾಡುವ ಹೊತ್ತಿಗೆ ಲೈಟೂ ಚಾರ್ಜಿಗೆ ಎಂದು ಗಂಟು ಹಾಕಿದರೆ ಮರೆಯುವುದಿಲ್ಲ.

ಅಂಗಡಿಯಲ್ಲಿ ಕೊಳ್ಳಲಾ, ಆನ್‌ಲೈನಲ್ಲಾ? ಎಷ್ಟು ಖರ್ಚು ಮಾಡಲಿ?

ಐನೂರರ ಒಳಗಿನದು ಒಂದು ಮಳೆಗಾಲದ ಸರಕು. ಸಾವಿರದಿಂದ ಎರಡು ಸಾವಿರದ ನಡುವೆ ದಿನಬಳಕೆಗೆ ಬೇಕಾದ್ದೆಲ್ಲ ಸಿಗುತ್ತದೆ. ಅದಕ್ಕಿಂತ ಮೇಲೆ ಕೊಡುವುದು ಹಗಲಿನ ಬೆಳಕಿಗೆ, ಹೆಸರಿಗೆ.

ಅಂಗಡಿಯಲ್ಲಾದರೆ ಕೈಯಲ್ಲಿ ಹಿಡಿದು ನೋಡಬಹುದು. ಒದ್ದೆ ಬೆರಳಿನಿಂದ ಬಟನ್ ಒತ್ತಿ ನೋಡಿ, ಅದೇ ಬಟನ್ ಬ್ಯಾಗಿನೊಳಗೆ ತಾನೇ ಒತ್ತಿಕೊಳ್ಳುವಷ್ಟು ಸಡಿಲ ಇರಬಾರದು. ಆಫ್ ಮಾಡಿ ಮತ್ತೆ ಆನ್ ಮಾಡಿದಾಗ ಹಿಂದಿನ ಮೋಡೇ ಬರುತ್ತದಾ ನೋಡಿ, ಇಲ್ಲದಿದ್ದರೆ ದಿನಾ ಐದು ಸಲ ಒತ್ತುವ ಕೆಲಸ. ಹಿಡಿಕೆಯ ರಬ್ಬರ್ ಪಟ್ಟಿ ಬೇರೆಯಾಗಿ ಸಿಗುತ್ತದಾ ಕೇಳಿ. ಬಿಸಿಲಿಗೆ ಪಟ್ಟಿ ಹರಿದು, ಲೈಟು ಗಟ್ಟಿ ಇದ್ದೂ ಮೂಲೆ ಸೇರುವುದು ತುಂಬಾ. ಆನ್‌ಲೈನಿನಲ್ಲಾದರೆ ಬಂದ ದಿನವೇ ಪೂರ್ತಿ ಚಾರ್ಜ್ ಮಾಡಿ, ನೀವು ಬಳಸುವ ಮೋಡಿನಲ್ಲಿ ಆರುವ ತನಕ ಉರಿಸಿ ಗಡಿಯಾರ ನೋಡಿ. ಆಮೇಲೆ ಒಂದು ಚೊಂಬು ನೀರು ಸುರಿದು ನೋಡಿ. ವಾಪಸ್ ಮಾಡುವ ಗಡುವಿನೊಳಗೇ ಸತ್ಯ ಗೊತ್ತಾಗಲಿ.

ಬಸ್ ಸ್ಟ್ಯಾಂಡ್ ಹತ್ತಿರ ಸೈಕಲ್ ನಿಲ್ಲಿಸ್ತೀನಿ. ಲೈಟು ಕದೀತಾರಾ?

ಬಿಚ್ಚಲು ಬರುವಂಥದ್ದನ್ನು ಬಿಚ್ಚುತ್ತಾರೆ. ರಬ್ಬರ್ ಪಟ್ಟಿಯದಾದರೆ ತೆಗೆದು ಜೇಬಿಗೆ ಹಾಕಿಕೊಳ್ಳಿ. ಕ್ಯಾರಿಯರಿಗೆ ಬೋಲ್ಟ್ ಮಾಡಿದ್ದನ್ನು ಬಿಚ್ಚಲು ಸ್ಪ್ಯಾನರ್ ಬೇಕು, ಅಷ್ಟು ತಾಳ್ಮೆಯ ಕಳ್ಳರು ಕಮ್ಮಿ. ಆದರೆ ಆಗ ಚಾರ್ಜ್ ಮಾಡಲು ಸೈಕಲ್ಲನ್ನೇ ಪ್ಲಗ್ಗಿನ ಹತ್ತಿರ ತರಬೇಕು.

ಎಷ್ಟು ವರ್ಷ ಬಾಳುತ್ತೆ? ಬ್ಯಾಟರಿ ಸತ್ತ ಮೇಲೆ ಏನು ಮಾಡೋದು?

ಲಿಥಿಯಂ ಬ್ಯಾಟರಿ 300ರಿಂದ 500 ಸಲ ಪೂರ್ತಿ ಚಾರ್ಜ್ ಆಗುವಷ್ಟರಲ್ಲಿ ಶಕ್ತಿ ಐದರಲ್ಲೊಂದು ಪಾಲು ಕಮ್ಮಿಯಾಗಿರುತ್ತದೆ. ವಾರಕ್ಕೊಮ್ಮೆ ಚಾರ್ಜ್ ಮಾಡುವವರಿಗೆ ಬ್ಯಾಟರಿಗಿಂತ ಮೊದಲು ರಬ್ಬರೋ ಬಟನ್ನೋ ಹೋಗುತ್ತದೆ. ಬೇಸಿಗೆ ರಜೆಯಲ್ಲಿ ಬಳಸದೆ ಇಡುವುದಾದರೆ ಅರ್ಧ ಚಾರ್ಜಿನಲ್ಲಿ, ತಂಪಾದ ಜಾಗದಲ್ಲಿಡಿ. ಪೂರ್ತಿ ಖಾಲಿ ಮಾಡಿ ತಿಂಗಳುಗಟ್ಟಲೆ ಬಿಟ್ಟರೆ ಮತ್ತೆ ಎದ್ದೇಳದೆ ಹೋಗಬಹುದು.

ಲೈಟಿನ ಮೈ ಉಬ್ಬಿದ್ದರೆ, ಜೋಡಣೆ ಬಿರಿದಿದ್ದರೆ, ಚಾರ್ಜಿನಲ್ಲಿ ವಿಪರೀತ ಬಿಸಿಯಾದರೆ ಅಲ್ಲಿಗೆ ನಿಲ್ಲಿಸಿ. ಚುಚ್ಚಿ ನೋಡುವುದು, ಒಲೆಗೆ ಹಾಕುವುದು ಬೇಡ, ಬೆಂಕಿ ಹತ್ತುತ್ತದೆ. ಕಸದ ಗಾಡಿಗೆ ಹಸಿ ಕಸದ ಜೊತೆಗೂ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆ ಬ್ಯಾಟರಿಯನ್ನು ಬೇರೆಯಾಗಿ ಕೊಡಬೇಕು. ಕಸದ ಗಾಡಿಯವರಿಗೆ ಬೇರೆ ಕವರಿನಲ್ಲಿ, ಇದು ಬ್ಯಾಟರಿ ಎಂದು ಹೇಳಿ ಕೊಡಿ, ಇಲ್ಲವೇ ಹಳೆ ಮೊಬೈಲ್ ಬ್ಯಾಟರಿ ತೆಗೆದುಕೊಳ್ಳುವ ರಿಪೇರಿ ಅಂಗಡಿಗೆ ಕೊಡಿ. ಹಿಡಿಕೆ, ರಬ್ಬರ್ ಪಟ್ಟಿ, ಕೇಬಲ್ಲನ್ನು ಬಿಚ್ಚಿ ಇಟ್ಟುಕೊಳ್ಳಿ. ಅದೇ ಮಾದರಿಯ ಇನ್ನೊಂದು ಲೈಟು ತಂದರೆ ಉಪಯೋಗಕ್ಕೆ ಬರುತ್ತವೆ.